ಮನೆಯ ಚಿತ್ರಸಂಗ್ರಹದ ರಕ್ಷಣೆ

ಚಿಕ್ಕಮಗಳೂರು ಜಿಲ್ಲೆ ಎಂದೊಡನೆ ಕಾಫಿಯ ತೋಟಗಳೂ ಬಾಬಾಬುಡನ್ ಗಿರಿಶ್ರೇಣಿಯೂ ನೆನಪಿಗೆ ಬರುವುದು ಸಹಜ. ಆದರೆ ಅದೇ ಜಿಲ್ಲೆಯ ಕಡೂರು, ತರೀಕೆರೆ, ಅಜ್ಜಂಪುರಗಳ ಕಡೆಗೆ ಹೋದರೆ ನೆಲದ ಬಣ್ಣವೂ ಬೆಳೆಯೂ ಬೇರೆಯಾಗುತ್ತವೆ. ಕಡೂರಿನದು ತೆಂಗಿನ ತೋಟಗಳ ಬಯಲುಸೀಮೆ. ಮಳೆ ಕಡಮೆ, ಧೂಳು ಹೆಚ್ಚು. ತರೀಕೆರೆ ಮಲೆನಾಡಿನ ಹೊಸ್ತಿಲಲ್ಲಿರುವ ಅಡಕೆಯ ಊರು. ಮೊದಲು ತರೀಕೆರೆ ತಾಲ್ಲೂಕಿಗೆ ಸೇರಿದ್ದು ಈಗ ತಾನೇ ಒಂದು ತಾಲ್ಲೂಕಾಗಿರುವ ಅಜ್ಜಂಪುರವು ಈರುಳ್ಳಿಗೂ ಅಮೃತಮಹಲ್ ದನಗಳ ತಳಿ ಸಂವರ್ಧನ ಕೇಂದ್ರಕ್ಕೂ ಹೆಸರಾಗಿದೆ. ಮೂರು ಊರುಗಳಿಗೆ ಮೂರು ಬಗೆಯ ಬಾಳುವೆ. ಆದರೂ ಇಲ್ಲಿನ ಎಷ್ಟೋ ಮನೆಗಳಲ್ಲಿ, ಬೀರುವಿನ ಸೀರೆಗಳ ಅಡಿಯಲ್ಲೋ ಅಟ್ಟದ ಮೇಲಿನ ಟ್ರಂಕಿನಲ್ಲೋ, ಒಂದೇ ಬಗೆಯ ವಸ್ತು ದೊರೆಯುವುದುಂಟು. ದಪ್ಪ ಪುಸ್ತಕದಷ್ಟು ಗಾತ್ರದ ಕಪ್ಪು ವಿಡಿಯೋ ಕ್ಯಾಸೆಟ್ಟು. ಅದರ ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿ ಮಾಸಿದ ಅಕ್ಷರಗಳಲ್ಲಿ ‘ಮದುವೆ—1’, ‘ಮದುವೆ—2’, ‘ಗೃಹಪ್ರವೇಶ’ ಎಂಬ ಬರವಣಿಗೆ.

ಅದನ್ನು ನೋಡಬೇಕೆಂದರೆ ಯಂತ್ರವಿಲ್ಲ. ಯಂತ್ರವಿದ್ದರೂ ಅದು ತಿರುಗುವುದಿಲ್ಲ. ತಿರುಗಿದರೂ ಈಗಿನ ಟಿ.ವಿ.ಗೆ ಅದರ ತಂತಿಯನ್ನು ಸೇರಿಸುವ ಕಿಂಡಿ ಇರುವುದಿಲ್ಲ. ಹೀಗಾಗಿ ಮನೆಯವರು ಕ್ಯಾಸೆಟ್ಟನ್ನು ಎಸೆಯಲಾರರು, ನೋಡಲಾರರು. ಒಳಗೆ ಇರುವುದೇನು ಎಂಬುದು ಅವರಿಗೆ ಚೆನ್ನಾಗಿ ತಿಳಿದಿದೆ. ಈಗ ಇಲ್ಲವಾದ ಅಜ್ಜಿ ಹಸೆಯ ಮುಂದೆ ಕುಳಿತು ಸೋಬಾನೆ ಹೇಳುತ್ತಿದ್ದಾಳೆ; ಭಾವಚಿತ್ರದ ಚೌಕಟ್ಟಿನಲ್ಲಿ ಗಂಭೀರವಾಗಿ ನೋಡುವ ತಾತ ಅಲ್ಲಿ ಯಾರನ್ನೋ ಗದರಿಸಿ, ಮರುಕ್ಷಣದಲ್ಲಿಯೇ ನಗುತ್ತಿದ್ದಾನೆ. ಭಾವಚಿತ್ರದಲ್ಲಿ ಮುಖ ಮಾತ್ರ ಉಳಿಯುತ್ತದೆ. ನಡೆಯುವ ರೀತಿ, ಮಾತಿನ ಧಾಟಿ, ಎಲೆ ಅಡಕೆ ಹಾಕಿಕೊಳ್ಳುವ ಕೈಯ ಚಲನೆ, ಇವು ಉಳಿದಿರುವುದು ಆ ಕಪ್ಪು ಪೆಟ್ಟಿಗೆಯಲ್ಲಿ ಮಾತ್ರ.

ಇಂಥ ಸಂಗ್ರಹವನ್ನು ಕಾಪಾಡುವುದೆಂದರೆ ಬೀರುವಿಗೆ ಬೀಗ ಹಾಕಿಡುವುದು ಎಂದೇ ಸಾಮಾನ್ಯವಾದ ತಿಳಿವಳಿಕೆ. ಒಡವೆಗೆ ಈ ನಿಯಮ ಸರಿ. ಭೂಮಿಯ ಪತ್ರಕ್ಕೂ ಒಂದು ಮಟ್ಟಿಗೆ ಸರಿಯೇ. ಕ್ಯಾಸೆಟ್ಟಿನ ವಿಷಯದಲ್ಲಿ ಮಾತ್ರ ಇದು ಪೂರ್ತಿಯಾಗಿ ತಪ್ಪು. ಜೋಪಾನವಾಗಿ ಇಟ್ಟಷ್ಟೂ ಅದು ಕೈಬಿಟ್ಟು ಹೋಗುವ ದಿನ ಹತ್ತಿರವಾಗುತ್ತದೆ ಎಂದರೆ ವಿಚಿತ್ರವಾಗಿ ಕಾಣಬಹುದು. ಅದರ ಕಾರಣವನ್ನು ತರೀಕೆರೆಯ ಸಮೀಪದಲ್ಲಿಯೇ ಕಾಣಬಹುದಾಗಿದೆ.

ತರೀಕೆರೆಗೆ ಸಮೀಪದ ಅಮೃತಾಪುರದಲ್ಲಿ ಹೊಯ್ಸಳ ವೀರಬಲ್ಲಾಳನ ಕಾಲದ ಅಮೃತೇಶ್ವರ ದೇವಾಲಯವಿದೆ. 1196ರಲ್ಲಿ ಅಮೃತೇಶ್ವರ ದಂಡನಾಯಕನು ಕಟ್ಟಿಸಿದ್ದು. ಅಲ್ಲಿನ ದೊಡ್ಡ ಶಿಲಾಶಾಸನದ ಪದ್ಯಗಳನ್ನು ರಚಿಸಿದವನು ಜನ್ನ ಕವಿ. ಎಂಟು ನೂರು ವರ್ಷಗಳಿಗೆ ಮೀರಿದ ಆ ಬರಹವನ್ನು ಓದಲು ಹಳಗನ್ನಡದ ಲಿಪಿಯನ್ನೂ ಭಾಷೆಯನ್ನೂ ಬಲ್ಲ ಎರಡು ಕಣ್ಣುಗಳು ಸಾಕು. ಯಂತ್ರ ಬೇಡ, ವಿದ್ಯುತ್ತು ಬೇಡ. 1986ರಲ್ಲಿ ಅದೇ ದೇವಾಲಯದ ಅಂಗಳದಲ್ಲಿ ಯಾವುದಾದರೊಂದು ಮದುವೆಯ ವಿಡಿಯೋ ತೆಗೆದಿದ್ದರೆ, ಅದನ್ನು ಇಂದು ನೋಡುವುದು ಶಾಸನವನ್ನು ಓದುವುದಕ್ಕಿಂತ ಕಷ್ಟ. ಬರಹ ಮತ್ತು ಓದುವವನ ನಡುವೆ ಒಂದು ಯಂತ್ರ ಬಂದು ನಿಂತಾಗ, ಬರಹದ ಆಯುಸ್ಸು ಆ ಯಂತ್ರದ ಆಯುಸ್ಸಿಗೆ ಕಟ್ಟುಬೀಳುತ್ತದೆ.

ಆ ಯಂತ್ರಗಳ ಆಯುಸ್ಸಾದರೂ ಎಷ್ಟು? ಜಪಾನಿನ ಸೋನಿ ಕಂಪನಿ 1975ರಲ್ಲಿ ಬೀಟಾಮ್ಯಾಕ್ಸ್ ಎಂಬ ಮಾದರಿಯನ್ನು ಹೊರತಂದಿತು. ಮರುವರ್ಷವೇ ಅದೇ ದೇಶದ ಜೆ.ವಿ.ಸಿ. ಕಂಪನಿ ವಿ.ಎಚ್.ಎಸ್. ಎಂಬ ಇನ್ನೊಂದನ್ನು ಹೊರತಂದಿತು. ಎರಡರಲ್ಲಿಯೂ ಅರ್ಧ ಅಂಗುಲ ಅಗಲದ ಟೇಪೇ ಇದ್ದರೂ ಒಂದರ ಕ್ಯಾಸೆಟ್ಟು ಇನ್ನೊಂದರಲ್ಲಿ ಹೋಗದು. ಮೊದಲ ಬೀಟಾಮ್ಯಾಕ್ಸ್ ಕ್ಯಾಸೆಟ್ಟಿನಲ್ಲಿ ಒಂದು ಗಂಟೆಯ ಚಿತ್ರ ಹಿಡಿಯುತ್ತಿದ್ದರೆ ವಿ.ಎಚ್.ಎಸ್.ನಲ್ಲಿ ಎರಡು ಗಂಟೆಯದು ಹಿಡಿಯುತ್ತಿತ್ತು. ಒಂದು ಇಡೀ ಸಿನಿಮಾ ಒಂದೇ ಕ್ಯಾಸೆಟ್ಟಿನಲ್ಲಿ ಸಿಗುವಾಗ ಜನ ಯಾವುದನ್ನು ಕೊಂಡಾರು? ಕೆಲವೇ ವರ್ಷಗಳಲ್ಲಿ ವಿ.ಎಚ್.ಎಸ್. ಗೆದ್ದಿತು. ಭಾರತದಲ್ಲಿ 1982ರ ದೆಹಲಿಯ ಏಷ್ಯನ್ ಕ್ರೀಡಾಕೂಟದ ವರ್ಷ ಬಣ್ಣದ ದೂರದರ್ಶನ ಆರಂಭವಾಯಿತು. ಅದರ ಬೆನ್ನ ಹಿಂದೆಯೇ ವಿ.ಸಿ.ಆರ್., ವಿ.ಸಿ.ಪಿ.ಗಳು ಸಣ್ಣ ಊರುಗಳನ್ನೂ ಮುಟ್ಟಿದವು. ಒಂದು ರಾತ್ರಿಗೆ ಟಿ.ವಿ.ಯನ್ನೂ ವಿ.ಸಿ.ಪಿ.ಯನ್ನೂ ಬಾಡಿಗೆಗೆ ತಂದು, ಬೀದಿಯ ಜನರೆಲ್ಲ ಜಗಲಿಯಲ್ಲಿ ಕುಳಿತು, ಬೆಳಗಾಗುವವರೆಗೆ ಮೂರು ಸಿನಿಮಾ ನೋಡುತ್ತಿದ್ದ ಕಾಲವದು. ಮದುವೆ ಮನೆಗೆ ಹೆಗಲ ಮೇಲೆ ಕ್ಯಾಮೆರಾ ಹೊತ್ತ ಒಬ್ಬರೂ, ಕಣ್ಣು ಕುಕ್ಕುವ ದೀಪವನ್ನು ಹಿಡಿದು ಅವರ ಹಿಂದೆ ಓಡಾಡುವ ಒಬ್ಬ ಹುಡುಗನೂ ಬರತೊಡಗಿದರು.

ಅನಂತರದ್ದು ಬಹು ಬೇಗ ನಡೆದ ಕಥೆ. 1985ರಲ್ಲಿ ಅಂಗೈಯಗಲದ 8 ಮಿಲಿಮೀಟರಿನ ಕ್ಯಾಸೆಟ್ಟು, 1993ರಲ್ಲಿ ವಿ.ಸಿ.ಡಿ., 1995ರಲ್ಲಿ ಮಿನಿ ಡಿ.ವಿ., 1996ರಲ್ಲಿ ಡಿ.ವಿ.ಡಿ., 2006ರಲ್ಲಿ ಬ್ಲೂ-ರೇ. ಆಮೇಲೆ ಮೆಮೊರಿ ಕಾರ್ಡು, ಪೆನ್‌ಡ್ರೈವು, ಮೊಬೈಲು. 2016ರ ಮಾರ್ಚಿಯಲ್ಲಿ ಸೋನಿ ಬೀಟಾಮ್ಯಾಕ್ಸ್ ಕ್ಯಾಸೆಟ್ಟುಗಳ ಮಾರಾಟವನ್ನು ನಿಲ್ಲಿಸಿತು. ಅದೇ ವರ್ಷದ ಜುಲೈನಲ್ಲಿ, ವಿ.ಸಿ.ಆರ್. ತಯಾರಿಸುತ್ತಿದ್ದ ಕೊನೆಯ ಕಂಪನಿಯಾದ ಜಪಾನಿನ ಫುನಾಯ್ ತಾನೂ ಕೈಬಿಟ್ಟಿತು. ಹುಟ್ಟಿನಿಂದ ಕೊನೆಯವರೆಗೆ ಲೆಕ್ಕ ಹಾಕಿದರೆ ನಾಲ್ವತ್ತು ವರ್ಷ. ಒಂದು ತೆಂಗಿನ ಮರದ ಆಯುಸ್ಸಿಗಿಂತಲೂ ಕಡಮೆ.

ಈ ಬದಲಾವಣೆಯ ಬಗೆಯನ್ನು ಅರಿಯಲು ಇಲ್ಲಿನ ರೈಲುಹಾದಿಯ ಕಥೆ ನೆರವಾಗುತ್ತದೆ. ಬೀರೂರಿನಲ್ಲಿ ಕವಲೊಡೆದು ಒಂದು ಹಾದಿ ತರೀಕೆರೆಯ ಮೂಲಕ ಶಿವಮೊಗ್ಗಕ್ಕೂ, ಇನ್ನೊಂದು ಅಜ್ಜಂಪುರದ ಮೂಲಕ ಹುಬ್ಬಳ್ಳಿಯ ಕಡೆಗೂ ಹೋಗುತ್ತದೆ. ಬಹುಕಾಲ ಇವೆಲ್ಲ ಮೀಟರ್ ಗೇಜಿನ ಹಾದಿಗಳಾಗಿದ್ದವು; ಹಳಿಗಳ ನಡುವಿನ ಅಂತರ ಒಂದು ಮೀಟರು. 1990ರ ದಶಕದಲ್ಲಿ ಅವು ಬ್ರಾಡ್ ಗೇಜಿಗೆ ಬದಲಾದವು, ಅಂತರ 1.676 ಮೀಟರು. ಹಳಿ ಬದಲಾದ ದಿನ ಹಳೆಯ ಬೋಗಿಗಳು ಕೆಟ್ಟುಹೋದುವೆಂದಲ್ಲ. ಅವುಗಳ ಗಾಲಿ, ಕಿಟಕಿ, ಮರದ ಹಲಗೆ ಎಲ್ಲವೂ ಗಟ್ಟಿಯಾಗಿಯೇ ಇದ್ದವು. ಆದರೆ ಅವು ಓಡುವ ಹಾದಿಯೇ ಇಲ್ಲವಾಯಿತು. ಒಳಗಿದ್ದ ಪ್ರಯಾಣಿಕನೂ ಅಡಕೆಯ ಮೂಟೆಯೂ ಹೊಸ ಬೋಗಿಗೆ ಏರಿಯೇ ಮುಂದೆ ಸಾಗಬೇಕಾಯಿತು. ಕ್ಯಾಸೆಟ್ಟು ಆ ಬೋಗಿಯಂತೆ. ಅಜ್ಜಿಯ ಹಾಡು ಒಳಗಿನ ಪ್ರಯಾಣಿಕ. ಬೋಗಿಯನ್ನು ತೊಳೆದು ಒರೆಸಿ ಷೆಡ್ಡಿನಲ್ಲಿ ನಿಲ್ಲಿಸಿದರೆ ಪ್ರಯಾಣಿಕನು ಊರು ಸೇರುವುದಿಲ್ಲ.

ಹಾದಿ ಇಲ್ಲದಿರುವುದು ಒಂದು ತೊಂದರೆ. ಬೋಗಿಯೇ ತುಕ್ಕು ಹಿಡಿಯುವುದು ಇನ್ನೊಂದು. ಮೂರು ಗಂಟೆಯ ವಿ.ಎಚ್.ಎಸ್. ಕ್ಯಾಸೆಟ್ಟಿನಲ್ಲಿ ಸುಮಾರು 250 ಮೀಟರು ಉದ್ದದ ತೆಳುವಾದ ಪ್ಲಾಸ್ಟಿಕ್ ಪಟ್ಟಿ ಸುತ್ತಿರುತ್ತದೆ. ಅದರ ಮೇಲೆ ಅಯಸ್ಕಾಂತ ಗುಣವುಳ್ಳ ಕಬ್ಬಿಣದ ಆಕ್ಸೈಡಿನ ನುಣುಪಾದ ಪುಡಿಯನ್ನು ಅಂಟಿನಂಥ ಒಂದು ವಸ್ತುವಿನೊಡನೆ ಬೆರಸಿ ಲೇಪಿಸಿರುತ್ತಾರೆ. ಚಿತ್ರವೂ ಶಬ್ದವೂ ಇರುವುದು ಆ ಪುಡಿಯಲ್ಲಿ. ಗಾಳಿಯ ತೇವವನ್ನು ಹೀರಿ ಅಂಟು ಮೆತ್ತಗಾದರೆ ಪುಡಿ ಉದುರಿ ಯಂತ್ರಕ್ಕೆ ಮೆತ್ತಿಕೊಳ್ಳುತ್ತದೆ. ತರೀಕೆರೆಯಂಥ ಕಡೆ, ಅದರಲ್ಲಿಯೂ ಭದ್ರಾ ಕಾಡಿನ ಮಗ್ಗುಲಿನ ಹಳ್ಳಿಗಳಲ್ಲಿ, ಆಷಾಢ ಶ್ರಾವಣಗಳ ಥಂಡಿಗೆ ಚರ್ಮದ ಚೀಲವೂ ಬೂಷ್ಟು ಹಿಡಿಯುತ್ತದೆ. ಟೇಪಿನ ಸುರುಳಿಯ ಅಂಚಿನಲ್ಲಿ ಬಿಳಿಯ ಹುಡಿಯಂತೆ ಕಾಣುವುದೂ ಅದೇ ಬೂಷ್ಟು. ಕಡೂರಿನಲ್ಲಿ ಬೂಷ್ಟಿನ ಕಾಟ ಅಷ್ಟಿಲ್ಲ. ಅಲ್ಲಿನದು ಧೂಳು, ತಗಡಿನ ಛಾವಣಿಯ ಕೆಳಗಿನ ಬೇಸಗೆಯ ಕಾವು. ಆದುದರಿಂದ ಎಲ್ಲ ಊರಿಗೂ ಒಂದೇ ಉಪಾಯವನ್ನು ಹೇಳುವುದು ವಿವೇಕವಲ್ಲ. ಆದರೂ ಕೆಲವು ಸಂಗತಿಗಳು ಎಲ್ಲೆಡೆಗೂ ಅನ್ವಯಿಸುತ್ತವೆ. ಕ್ಯಾಸೆಟ್ಟನ್ನು ಮಲಗಿಸದೆ ಪುಸ್ತಕದಂತೆ ನಿಲ್ಲಿಸಬೇಕು. ಟೇಪನ್ನು ಒಂದು ತುದಿಗೆ ಪೂರ್ತಿ ಸುತ್ತಿಟ್ಟಿರಬೇಕು. ಸ್ಪೀಕರಿನಂಥ ಅಯಸ್ಕಾಂತವಿರುವ ವಸ್ತುಗಳ ಬಳಿ ಇಡಕೂಡದು. ಅಟ್ಟ ಎಲ್ಲಕ್ಕಿಂತ ಕೆಟ್ಟ ಜಾಗ. ಬೀರುವಿನ ನಡುವಣ ಅರೆಯೇ ಮೇಲು. ನುಸಿಗುಳಿಗೆ ಬಟ್ಟೆಯ ಹುಳುವಿಗೆ ಔಷಧವೇ ಹೊರತು ತೇವಕ್ಕಲ್ಲ. ಬೂಷ್ಟು ಹಿಡಿದ ಕ್ಯಾಸೆಟ್ಟನ್ನು ಕುತೂಹಲಕ್ಕಾಗಿ ಯಂತ್ರದಲ್ಲಿ ಹಾಕಿ ನೋಡುವುದಂತೂ ಕೂಡದು; ಆ ಬೂಷ್ಟು ಯಂತ್ರದ ಹೆಡ್ಡಿಗೆ ಅಂಟಿ, ಮುಂದೆ ಹಾಕುವ ಒಳ್ಳೆಯ ಕ್ಯಾಸೆಟ್ಟಿಗೂ ಹರಡುತ್ತದೆ. ಕ್ಯಾಸೆಟ್ಟಿನ ಬೆನ್ನಿನಲ್ಲಿರುವ ಸಣ್ಣ ಪ್ಲಾಸ್ಟಿಕ್ ಚೂರನ್ನು ಮುರಿದರೆ ಅದರ ಮೇಲೆ ಬೇರೆ ಏನನ್ನೂ ಮುದ್ರಿಸಲು ಬರುವುದಿಲ್ಲ. ಆ ಚೂರನ್ನು ಮುರಿಯದೆ ಬಿಟ್ಟ ಮನೆಗಳಲ್ಲಿ ನಾಮಕರಣದ ಮೇಲೆ ಕ್ರಿಕೆಟ್ ಪಂದ್ಯ ಬಂದು ಕುಳಿತ ಉದಾಹರಣೆಗಳಿಗೆ ಕಡಮೆಯಿಲ್ಲ.

ಇಷ್ಟೆಲ್ಲ ಮಾಡಿದರೂ ಅದು ಕಾಲವನ್ನು ಸ್ವಲ್ಪ ಮುಂದೂಡಿದಂತೆ ಮಾತ್ರ. 2019ರಲ್ಲಿ ಯುನೆಸ್ಕೋ ಸಂಸ್ಥೆಯು ಅಯಸ್ಕಾಂತದ ಟೇಪುಗಳ ವಿಷಯದಲ್ಲಿ ಜಗತ್ತಿಗೆಲ್ಲ ಒಂದು ಎಚ್ಚರಿಕೆಯನ್ನು ಕೊಟ್ಟಿತು. ನುಡಿಸುವ ಯಂತ್ರಗಳೂ ಬಿಡಿಭಾಗಗಳೂ ಇಲ್ಲವಾಗುತ್ತಿರುವುದರಿಂದ, 2025ರ ಸುಮಾರಿಗೆ ಟೇಪಿನಿಂದ ಪ್ರತಿ ತೆಗೆಯುವ ಕಾಲವೇ ಮುಗಿದೀತೆಂಬುದು ಪರಿಣತರ ಅಂದಾಜಾಗಿತ್ತು. ಆ ವರ್ಷವೂ ಕಳೆದಿದೆ. ಯಂತ್ರಗಳು ಇನ್ನೂ ಅಲ್ಲಲ್ಲಿ ಇವೆ. ಬೆಂಗಳೂರಿನಂಥ ನಗರಗಳಲ್ಲಿ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಿಕೊಡುವವರೂ ಇದ್ದಾರೆ. ಆದರೆ ವರ್ಷ ಕಳೆದಂತೆ ಅವರ ಸಂಖ್ಯೆ ಇಳಿಯುವುದು, ಕೂಲಿ ಏರುವುದು ನಿಶ್ಚಯ.

ಪ್ರತಿ ತೆಗೆಯುವುದೇ ಕಾಪಾಡುವುದು ಎಂಬ ಮಾತು ಕನ್ನಡಿಗರಿಗೆ ಹೊಸದಲ್ಲ. ತಾಳೆಗರಿ ಎಂದೂ ಶಾಶ್ವತವಾಗಿರಲಿಲ್ಲ. ಹುಳು ತಿನ್ನುತ್ತಿತ್ತು, ಮುರಿಯುತ್ತಿತ್ತು. ಹಳೆಯ ಕಾವ್ಯಗಳು ಇಂದು ಉಳಿದಿರುವುದು ಒಂದು ಗರಿಯಿಂದ ಇನ್ನೊಂದು ಗರಿಗೆ ತಲೆಮಾರುಗಳುದ್ದಕ್ಕೂ ಲಿಪಿಕಾರರು ಬರೆದುಕೊಂಡು ಬಂದುದರಿಂದ. ಹತ್ತನೆಯ ಶತಮಾನದ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಪ್ರಸಿದ್ಧವಾಗಿದೆ. ಒಂದೇ ಪ್ರತಿಯನ್ನು ಚಿನ್ನದ ಕರಡಿಗೆಯಲ್ಲಿ ಇಡಿಸುವಷ್ಟು ಸಂಪತ್ತು ಆಕೆಗೆ ಇದ್ದಿರಬೇಕು. ಆಕೆ ಹಾಗೆ ಮಾಡಲಿಲ್ಲ. ಅಮೃತಾಪುರದ ಸುತ್ತಿನ ಕಲ್ಲುಬರಹಗಳನ್ನು ಕೂಡ ಬಿ. ಎಲ್. ರೈಸ್ ಅವರು ಪ್ರತಿ ಮಾಡಿಸಿ, 1901ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ಆರನೆಯ ಸಂಪುಟದಲ್ಲಿ, ಆಗಿನ ಕಡೂರು ಜಿಲ್ಲೆಯ ಶಾಸನಗಳೆಂದು ಅಚ್ಚು ಹಾಕಿಸಿದರು. ಕಲ್ಲಿಗೇ ಪ್ರತಿ ಬೇಕಾದ ಮೇಲೆ ಟೇಪಿನ ಮಾತೇನು?

ಹಾಗಾದರೆ ಯಾವುದನ್ನು ಮೊದಲು ಇಳಿಸಬೇಕು? ಹಲವು ಮನೆಗಳ ಸಂಗ್ರಹದಲ್ಲಿ ಅರ್ಧಕ್ಕಿಂತ ಹೆಚ್ಚು ಸಿನಿಮಾಗಳಿರುತ್ತವೆ. ಅವುಗಳ ಮೇಲೆ ಮಮತೆ ಇರುವುದು ತಪ್ಪಲ್ಲ. ಆದರೆ ಆ ಸಿನಿಮಾಗಳ ಪ್ರತಿಗಳು ಬೇರೆಡೆಯೂ ಇರುತ್ತವೆ. ಮನೆಯ ನಾಮಕರಣದ ಪ್ರತಿ ಬೇರೆಲ್ಲಿಯೂ ಇಲ್ಲ. ಒಂದೇ ಪ್ರತಿ ಇರುವುದಕ್ಕೆ ಮೊದಲ ಸ್ಥಾನ ಎಂಬ ನಿಯಮವನ್ನು ಹಿಡಿದರೆ ಹಣವೂ ಸಮಯವೂ ಉಳಿಯುತ್ತವೆ. ಸಿನಿಮಾ ಎಂದೊಡನೆ ಅದು ಎಲ್ಲೋ ಸುರಕ್ಷಿತವಾಗಿರುತ್ತದೆ ಎಂದು ನಂಬುವುದೂ ಸರಿಯಲ್ಲವೆನ್ನಿ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರಲ್ಲಿ ತೆರೆಕಂಡಿತು. ಇಂದು ಅದರ ಒಂದು ಪ್ರತಿಯೂ ಇಲ್ಲ. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಸ್ಥಾಪನೆಯಾದದ್ದು 1964ರಲ್ಲಿ. ನಡುವಣ ಮೂವತ್ತು ವರ್ಷ ಅಂಥ ಚಿತ್ರಗಳನ್ನು ಕೂಡಿಸಿಡುವ ಹೊಣೆ ಹೊತ್ತ ಸಂಸ್ಥೆಯೇ ದೇಶದಲ್ಲಿರಲಿಲ್ಲ. ಸಾವಿರಾರು ಜನ ಹಣ ಕೊಟ್ಟು ನೋಡಿದ ಚಿತ್ರಕ್ಕೇ ಈ ಗತಿಯಾದರೆ, ಒಂದು ಮನೆಯವರು ಮಾತ್ರ ಬಲ್ಲ ಚಿತ್ರಕ್ಕೆ ಆ ಮನೆಯವರಲ್ಲದೆ ಬೇರೆ ದಿಕ್ಕಿಲ್ಲ.

ಮದುವೆಯ ಕ್ಯಾಸೆಟ್ಟಿನಲ್ಲಿ ಇನ್ನೊಂದು ಸೂಕ್ಷ್ಮವಿದೆ. ಸ್ಟುಡಿಯೋದವರು ‘ಮಿಕ್ಸಿಂಗ್’ ಮಾಡಿ ಕೊಡುವಾಗ ಹೂವಿನ ಎಸಳುಗಳ ನಡುವೆ ವಧೂವರರ ಮುಖವನ್ನು ಕೂಡಿಸಿ, ಇಡೀ ಮದುವೆಯ ಮೇಲೆ ಸಿನಿಮಾ ಹಾಡುಗಳನ್ನು ಹಾಕುತ್ತಿದ್ದರು. ಆ ಕಾಲಕ್ಕೆ ಅದೇ ಚೆಂದವೆನಿಸಿತ್ತು. ಅದರ ಫಲವಾಗಿ ಪುರೋಹಿತರ ಮಂತ್ರ, ಹೆಂಗಸರ ಸೋಬಾನೆ, ಬೀಗರ ಕೊಂಕು ಮಾತು, ವೀರಗಾಸೆಯವರ ಒಡಪು ಎಲ್ಲವೂ ಅಳಿಸಿಹೋದವು. ಸಿನಿಮಾ ಹಾಡು ಮಾತ್ರ ಉಳಿಯಿತು. ಆ ಹಾಡು ಇಂದು ಎಲ್ಲಿ ಬೇಕಾದರೂ ಸಿಗುತ್ತದೆ, ಅಜ್ಜಿಯ ದನಿ ಸಿಗುವುದಿಲ್ಲ. ಆದುದರಿಂದ ಮಿಕ್ಸಿಂಗ್ ಆಗದ ಮೂಲ ಕ್ಯಾಸೆಟ್ಟು ಎಲ್ಲಿಯಾದರೂ ಉಳಿದಿದ್ದರೆ ಅದಕ್ಕೇ ಬೆಲೆ ಹೆಚ್ಚು. ಅದು ಅಲುಗಾಡುತ್ತಿದ್ದರೂ, ಅರ್ಧ ಗಂಟೆ ಊಟದ ಪಂಕ್ತಿಯನ್ನೇ ತೋರಿಸುತ್ತಿದ್ದರೂ ಚಿಂತೆಯಿಲ್ಲ.

2000ದ ದಶಕದಲ್ಲಿ ಹಲವರು ತಮ್ಮ ಕ್ಯಾಸೆಟ್ಟುಗಳನ್ನು ಸಿ.ಡಿ.ಗೆ ಹಾಕಿಸಿ, ಇನ್ನು ಭಯವಿಲ್ಲವೆಂದು ಕ್ಯಾಸೆಟ್ಟನ್ನು ಎಸೆದರು. ಅದು ಅವಸರದ ಕೆಲಸವಾಯಿತು. ವಿ.ಸಿ.ಡಿ.ಯಲ್ಲಿ ಚಿತ್ರವನ್ನು ಬಹಳವಾಗಿ ಅಡಕಮಾಡುವುದರಿಂದ ಮುಖದ ವಿವರ ಕರಗಿಹೋಗುತ್ತದೆ. ಮನೆಯಲ್ಲಿಯೋ ಸ್ಟುಡಿಯೋದಲ್ಲಿಯೋ ಬರೆದ ಸಿ.ಡಿ.ಯಲ್ಲಿ ಮಾಹಿತಿ ಇರುವುದು ಬಣ್ಣದ ಒಂದು ತೆಳುಪದರದಲ್ಲಿ. ಬಿಸಿಲಿಗೆ ಅದು ಮಂಕಾಗುತ್ತದೆ. ಆ ಪದರ ಹೊಳೆಯುವ ಬದಿಗಿಂತ ಹೆಸರು ಬರೆಯುವ ಬದಿಗೇ ಹತ್ತಿರವಾಗಿರುವುದರಿಂದ, ಬಾಲ್‌ಪೆನ್ನಿನಿಂದ ಒತ್ತಿ ಬರೆದ ‘ಶುಭವಿವಾಹ’ ಎಂಬ ಅಕ್ಷರಗಳೇ ಅದಕ್ಕೆ ಗಾಯವಾದುದೂ ಉಂಟು.

ಈಗ ಇಳಿಸುವುದಾದರೆ ಲೆಕ್ಕ ಹೀಗಿದೆ. ಹೆಚ್ಚು ಅಡಕಮಾಡದ ಡಿ.ವಿ. ಮಾದರಿಯಲ್ಲಿ ಒಂದು ಗಂಟೆಯ ಚಿತ್ರಕ್ಕೆ ಸುಮಾರು 13 ಗಿಗಾಬೈಟು ಬೇಕು. ಒಂದು ಟೆರಾಬೈಟಿನ ಹಾರ್ಡ್‌ಡಿಸ್ಕಿನಲ್ಲಿ ಸುಮಾರು 75 ಗಂಟೆ, ಅಂದರೆ ಮೂರು ಗಂಟೆಯ 25 ಕ್ಯಾಸೆಟ್ಟುಗಳು ಹಿಡಿಯುತ್ತವೆ. ಒಂದು ಮನೆಗೆ ಇಷ್ಟು ಧಾರಾಳವಾಗಿ ಸಾಕು. ನೋಡುವುದಕ್ಕೂ ಹಂಚುವುದಕ್ಕೂ ಎಲ್ಲೆಡೆ ಬಳಕೆಯಲ್ಲಿರುವ ಎಂ.ಪಿ.4 ಮಾದರಿಯ ಸಣ್ಣ ಪ್ರತಿಯನ್ನು ಬೇರೆಯಾಗಿ ಮಾಡಿಕೊಳ್ಳಬಹುದು. ಆದರೆ ಹಾರ್ಡ್‌ಡಿಸ್ಕೂ ಒಂದು ಯಂತ್ರವೇ. ಕೆಲವು ವರ್ಷಗಳಲ್ಲಿ, ಒಮ್ಮೊಮ್ಮೆ ಒಂದೇ ದಿನದಲ್ಲಿ, ಮುನ್ಸೂಚನೆಯಿಲ್ಲದೆ ನಿಂತುಹೋಗುತ್ತದೆ. ಆದುದರಿಂದ ಮೂರು ಪ್ರತಿಗಳಿರಬೇಕು, ಅವುಗಳಲ್ಲಿ ಒಂದಾದರೂ ಬೇರೆ ಊರಿನಲ್ಲಿರಬೇಕು. ಕಡೂರಿನ ಮನೆಯಲ್ಲಿ ಒಂದು, ಅಜ್ಜಂಪುರದ ಚಿಕ್ಕಪ್ಪನ ಮನೆಯಲ್ಲಿ ಒಂದು, ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ಮಗಳ ಬಳಿ ಒಂದು. ವರ್ಷಕ್ಕೊಮ್ಮೆ, ಯುಗಾದಿಗೋ ಆಯುಧಪೂಜೆಗೋ, ಅವನ್ನು ಹಾಕಿ ನೋಡಬೇಕು. ಐದಾರು ವರ್ಷಕ್ಕೊಮ್ಮೆ ಹೊಸ ಡಿಸ್ಕಿಗೆ ದಾಟಿಸಬೇಕು. ಪೆನ್‌ಡ್ರೈವು ಸಾಗಿಸಲು ಅನುಕೂಲವೇ ಹೊರತು ಇಟ್ಟುಕೊಳ್ಳಲು ತಕ್ಕದ್ದಲ್ಲ.

ಇಷ್ಟೆಲ್ಲ ಶ್ರಮ ಯಾರಿಗಾಗಿ, ಮರೆವೂ ಪ್ರಕೃತಿಯ ಧರ್ಮವಲ್ಲವೆ ಎಂದು ಕೇಳುವವರಿದ್ದಾರೆ. ಅವರ ಮಾತಿನಲ್ಲಿ ತಿರುಳಿಲ್ಲದೆ ಇಲ್ಲ. ಎಲ್ಲವನ್ನೂ ಉಳಿಸಲು ಹೊರಟವನು ಯಾವುದನ್ನೂ ನೋಡದೆ ಹೋಗುತ್ತಾನೆ. ಒಂದು ಪ್ರವಾಸದಲ್ಲಿ ಕೆಮ್ಮಣ್ಣುಗುಂಡಿಯ ಮಂಜನ್ನು ಇನ್ನೂರು ಸಲ ಮೊಬೈಲಿನಲ್ಲಿ ಹಿಡಿದವರು ಮನೆಗೆ ಬಂದ ಮೇಲೆ ಹತ್ತನ್ನಾದರೂ ನೋಡುತ್ತಾರೆಯೇ ಎಂಬುದು ಸಂದೇಹ. ಆದರೆ ಆರಿಸಿ ಬಿಡುವುದು ಬೇರೆ, ಅಲಕ್ಷ್ಯದಿಂದ ಕಳೆದುಕೊಳ್ಳುವುದು ಬೇರೆ. ಮೊಬೈಲಿನ ಚಿತ್ರಗಳಿಗೆ ಕ್ಯಾಸೆಟ್ಟಿಗಿಂತ ಹೆಚ್ಚಿನ ಅಪಾಯವಿದೆ. ಕ್ಯಾಸೆಟ್ಟು ಮೂವತ್ತು ವರ್ಷ ಟ್ರಂಕಿನಲ್ಲಾದರೂ ಬಿದ್ದಿರುತ್ತದೆ. ಮೊಬೈಲು ಕೆರೆಗೆ ಬಿದ್ದರೆ, ಬಸ್ಸಿನಲ್ಲಿ ಕಳೆದರೆ, ಆ ಕ್ಷಣಕ್ಕೇ ಎಲ್ಲವೂ ಮುಗಿಯಿತು. ವಾಟ್ಸಾಪಿನಲ್ಲಿ ನೆಂಟರಿಗೆ ಕಳಿಸಿರುವೆವೆಂಬ ಧೈರ್ಯವೂ ಅಷ್ಟಕ್ಕಷ್ಟೆ. ಅದು ಸಾಮಾನ್ಯವಾಗಿ ವಿಡಿಯೋವನ್ನು ಕುಗ್ಗಿಸಿ ಕಳಿಸುತ್ತದೆ.

ಹಣದಿಂದ ಆಗದ ಒಂದು ಕೆಲಸವೂ ಇದರಲ್ಲಿದೆ. ಕ್ಯಾಸೆಟ್ಟಿನಲ್ಲಿ ಕಾಣುವ ನೂರಾರು ಮುಖಗಳಲ್ಲಿ ಯಾರು ಯಾರೆಂದು ಬಲ್ಲವರು ಮನೆಯ ಹಿರಿಯರು ಮಾತ್ರ. ‘ಮದುವೆ—2’ ಎಂಬ ಚೀಟಿ ಅದನ್ನು ಬರೆದವರಿಗೆ ಸಾಕಾಗಿತ್ತು. ಮೊಮ್ಮಕ್ಕಳಿಗೆ ಅದರಿಂದ ಏನೂ ತಿಳಿಯದು. ಯಾರ ಮದುವೆ, ಯಾವ ವರ್ಷ, ಯಾವ ಊರಿನ ಯಾವ ಛತ್ರ, ಆರತಿ ಎತ್ತುತ್ತಿರುವವರು ಯಾವ ಕಡೆಯ ಅತ್ತೆ ಎಂಬುದನ್ನೆಲ್ಲ ಒಂದು ನೋಟುಪುಸ್ತಕದಲ್ಲಿ ಮಸಿಯಿಂದ ಬರೆದಿಡುವುದು ಲೇಸು. ಮೂರು ಗಂಟೆಯ ಟೇಪು ಕಂಪ್ಯೂಟರಿಗೆ ಇಳಿಯಲು ಮೂರು ಗಂಟೆಯೇ ಹಿಡಿಯುತ್ತದೆ. ಅದನ್ನು ಅವಸರಪಡಿಸಲು ಬರುವುದಿಲ್ಲ. ಇಳಿಸಿದ ಮೇಲೆ ಅಷ್ಟೇ ಹೊತ್ತು ಹಿರಿಯರನ್ನು ಮುಂದೆ ಕುಳ್ಳಿರಿಸಿಕೊಂಡು ಒಬ್ಬ ಹುಡುಗನೋ ಹುಡುಗಿಯೋ ಬರೆದುಕೊಂಡರೆ ಎಷ್ಟೋ ಹೆಸರುಗಳು ಉಳಿಯುತ್ತವೆ. ಇದಕ್ಕೆ ಒಂಬತ್ತನೆಯ ತರಗತಿಯ ಓದು ಧಾರಾಳವಾಗಿ ಸಾಕು.

ಹಾಗೆ ನೋಡುವಾಗ ಮನೆಯವರು ಎಣಿಸಿರದ ಸಂಗತಿಗಳೂ ಕಣ್ಣಿಗೆ ಬೀಳುತ್ತವೆ. ದಿಬ್ಬಣದ ಹಿಂದೆ, ಅಗಲವಾಗುವ ಮೊದಲಿನ ಪೇಟೆ ಬೀದಿ. ಹೆಂಚಿನ ಅಂಗಡಿಗಳ ಸಾಲು. ಬೀಗರನ್ನು ಇಳಿಸಿ ಹೊರಟ ಮೀಟರ್ ಗೇಜಿನ ರೈಲು. ಬರಗಾಲಗಳಲ್ಲಿ ಒಣಗಿ ಹೋಗುವ ಮುನ್ನ ಹಸಿರಾಗಿದ್ದ ತೆಂಗಿನ ತೋಟ. ಜಾತ್ರೆಯಲ್ಲಿ ಕುಣಿದ ವೀರಗಾಸೆ. ಇವು ಒಂದು ಮನೆಯ ಸೊತ್ತು ಮಾತ್ರವಲ್ಲ, ಊರಿನ ಚರಿತ್ರೆಗೂ ಬೇಕಾದುವು. ಅಂಥ ಭಾಗಗಳ ಒಂದು ಪ್ರತಿಯನ್ನು ಶಾಲೆಗೋ ಊರಿನ ಗ್ರಂಥಾಲಯಕ್ಕೋ ಕೊಡುವುದು ಉಚಿತ. ಕೊಡುವ ಮೊದಲು ಚಿತ್ರದಲ್ಲಿರುವವರ ಒಪ್ಪಿಗೆಯನ್ನು ಕೇಳಬೇಕು. ದಿಬ್ಬಣದ ಬೀದಿಯನ್ನು ತೋರಿಸಲು ಒಪ್ಪಿದವರು ಹೆಣ್ಣೊಪ್ಪಿಸುವಾಗಿನ ಅಳುವನ್ನು ತೋರಿಸಲು ಒಪ್ಪದಿರಬಹುದು. ಆ ಭಾಗವನ್ನು ಬಿಟ್ಟು ಉಳಿದುದನ್ನು ಮಾತ್ರ ಕೊಟ್ಟರಾಯಿತು.